ಮಕ್ಕಳಲ್ಲಿ ಮೂತ್ರಪಿಂಡ ಮತ್ತು ಮೂತ್ರನಾಳಗಳ ಹಿಗ್ಗುವಿಕೆ: ದೀರ್ಘಕಾಲೀನ ಪರಿಣಾಮಗಳು ಹಾಗೂ ಲಭ್ಯವಿರುವ ಸೌಲಭ್ಯಗಳ ಕುರಿತು ಕೊಣನೂರು ಹೋಬಳಿಯ ಪೋಷಕರಿಗೆ ಮಾಹಿತಿ

ಗರ್ಭಿಣಿಯರ ಸ್ಕ್ಯಾನಿಂಗ್ ವರದಿಯಲ್ಲಿ ‘ಹೈಡ್ರೋನೆಫ್ರೋಸಿಸ್’, ‘ಪೈಲೆಕ್ಟಾಸಿಸ್’ ಅಥವಾ ‘ಯೂರಿನರಿ ಟ್ರ್ಯಾಕ್ಟ್ ಡೈಲಟೇಷನ್’ ಎಂಬ ಪದಗಳು ನಮೂದಾಗಿರುವುದನ್ನು ಕಂಡು ಹಲವು ಕುಟುಂಬಗಳು ಗಾಬರಿಗೊಳ್ಳುತ್ತವೆ. ಮತ್ತೆ ಕೆಲವು ಕುಟುಂಬಗಳು ಹೆರಿಗೆಯಾಗಿ ಮಗು ಲವಲವಿಕೆಯಿಂದ ಇರುವುದನ್ನು ನೋಡಿ ಸದರಿ ವರದಿಯನ್ನು ಮರೆತುಬಿಡುತ್ತವೆ. ಈ ಎರಡೂ ಸರಿಯಲ್ಲ. ಮಗುವಿನ ಮೂತ್ರಪಿಂಡದಲ್ಲಿ ಅಥವಾ ಮೂತ್ರನಾಳದಲ್ಲಿ ಮೂತ್ರ ತುಂಬಿ ಅವು ಸಹಜಕ್ಕಿಂತ ಹಿಗ್ಗಿರುವುದನ್ನು ಮೇಲ್ಕಂಡ ಪದಗಳು ಸೂಚಿಸುತ್ತವೆ. ಜನರ ಆಡುಮಾತಿನಲ್ಲಿ ಇದನ್ನು ‘ಕಿಡ್ನಿ ಊತ’ ಅಥವಾ ‘ಕಿಡ್ನಿಯಲ್ಲಿ ನೀರು’ ಎನ್ನುವುದುಂಟು. ನೂರು ಗರ್ಭಿಣಿಯರ ಪೈಕಿ ಸುಮಾರು ಒಬ್ಬರಿಂದ ಇಬ್ಬರ ಸ್ಕ್ಯಾನಿಂಗ್‌ನಲ್ಲಿ ಇದು ಕಂಡುಬರುತ್ತದೆ. ಕೆಲವು ಅಧ್ಯಯನಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿದೆ. ಆದ್ದರಿಂದ ಇದು ಅಪರೂಪದ ವಿಷಯವಲ್ಲ.

ಅರಕಲಗೂಡು ತಾಲ್ಲೂಕಿನ ಕೊಣನೂರು ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳ ಪೋಷಕರು ಇಂತಹ ಮಗುವಿನ ತಪಾಸಣೆಯನ್ನು ಎಲ್ಲಿ, ಯಾವಾಗ, ಎಷ್ಟು ವರ್ಷಗಳವರೆಗೆ ಮಾಡಿಸಬೇಕು ಹಾಗೂ ಅದಕ್ಕೆ ಯಾವ ದಾಖಲೆಗಳು ಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ.

ಹಿಗ್ಗುವಿಕೆ ಎಂದರೇನು

ಮೂತ್ರಪಿಂಡದಲ್ಲಿ ಉತ್ಪತ್ತಿಯಾದ ಮೂತ್ರವು ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿಂದ ಹೊರಹೋಗುತ್ತದೆ. ಕಟ್ಟೇಪುರದ ಅಣೆಕಟ್ಟೆಯ ನಾಲೆಗಳನ್ನು ನೋಡುತ್ತಾ ಬೆಳೆದ ಈ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಂದೆ ತೂಬು ಕಟ್ಟಿಕೊಂಡರೆ ಹಿಂದೆ ನೀರು ಏರುತ್ತದೆ. ಆದರೆ ನೀರು ನಿಂತ ಮಾತ್ರಕ್ಕೆ ತೂಬು ಕಟ್ಟಿದೆ ಎಂದು ತೀರ್ಮಾನಿಸಲಾಗದು. ಗರ್ಭಸ್ಥ ಶಿಶುವಿನಲ್ಲಿ ಕಾಣುವ ಹಿಗ್ಗುವಿಕೆಯಲ್ಲಿ ದೊಡ್ಡ ಪಾಲು ಬೆಳವಣಿಗೆಯ ಒಂದು ಹಂತ ಮಾತ್ರವಾಗಿದ್ದು, ಯಾವುದೇ ಚಿಕಿತ್ಸೆಯಿಲ್ಲದೆ ತಾನಾಗಿಯೇ ಇಳಿಯುತ್ತದೆ. ಉಳಿದವುಗಳಲ್ಲಿ ಮೂತ್ರಪಿಂಡ ಮತ್ತು ಮೂತ್ರನಾಳ ಸೇರುವ ಜಾಗದಲ್ಲಿ ಅಡಚಣೆ, ಮೂತ್ರಕೋಶದಿಂದ ಮೂತ್ರವು ಹಿಮ್ಮುಖವಾಗಿ ಮೇಲೇರುವುದು, ಮೂತ್ರನಾಳದ ಕೆಳತುದಿ ಕಿರಿದಾಗಿರುವುದು ಮುಂತಾದ ಕಾರಣಗಳಿರುತ್ತವೆ. ಗಂಡು ಮಕ್ಕಳಲ್ಲಿ ಮಾತ್ರ, ಮೂತ್ರಮಾರ್ಗದೊಳಗೆ ಹುಟ್ಟಿನಿಂದಲೇ ಇರುವ ತೆಳುಪೊರೆಯಂತಹ ಕವಾಟವು ಮೂತ್ರದ ಹರಿವನ್ನು ತಡೆಯುವುದೂ ಉಂಟು. ಇದು ವಿರಳವಾದರೂ ಎಲ್ಲಕ್ಕಿಂತ ಗಂಭೀರವಾದುದು.

ಹಿಗ್ಗುವಿಕೆಯನ್ನು ಮಿಲಿಮೀಟರ್‌ನಲ್ಲಿ ಅಳೆಯಲಾಗುತ್ತದೆ. 2014ರಲ್ಲಿ ತಜ್ಞರ ಸಂಘಗಳು ಒಮ್ಮತದಿಂದ ರೂಪಿಸಿದ ವರ್ಗೀಕರಣದ ಪ್ರಕಾರ, ಗರ್ಭಧಾರಣೆಯ 28 ವಾರಗಳಿಗೆ ಮೊದಲು 4 ಮಿ.ಮೀ.ಗಿಂತ ಕಡಿಮೆ, 28 ವಾರಗಳ ನಂತರ 7 ಮಿ.ಮೀ.ಗಿಂತ ಕಡಿಮೆ ಹಾಗೂ ಜನನದ ನಂತರ 10 ಮಿ.ಮೀ.ಗಿಂತ ಕಡಿಮೆ ಇದ್ದಲ್ಲಿ ಅದು ಸಹಜ. ಜನನದ ನಂತರ 15 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮೂತ್ರನಾಳವೂ ಹಿಗ್ಗಿದ್ದರೆ, ಮೂತ್ರಪಿಂಡದ ತಿರುಳು ತೆಳುವಾಗಿದ್ದರೆ ಅಥವಾ ಮೂತ್ರಕೋಶದಲ್ಲಿ ದೋಷ ಕಂಡುಬಂದರೆ ಹೆಚ್ಚಿನ ನಿಗಾ ಅಗತ್ಯ. ವರದಿಯಲ್ಲಿ ‘ಪಿ1’, ‘ಪಿ2’, ‘ಪಿ3’ ಎಂದು ಬರೆದಿರುವುದು ಜನನಾನಂತರದ ಇದೇ ವರ್ಗೀಕರಣವಾಗಿದ್ದು, ಪಿ3 ಎಂಬುದು ಅತಿ ಹೆಚ್ಚಿನ ಅಪಾಯವನ್ನು ಸೂಚಿಸುತ್ತದೆ.

ಮುಂದೆ ಏನಾಗುತ್ತದೆ

ಪೋಷಕರು ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ. ಉತ್ತರವು ಹಿಗ್ಗುವಿಕೆಯ ಪ್ರಮಾಣ ಮತ್ತು ಕಾರಣವನ್ನು ಅವಲಂಬಿಸಿದೆ. 2006ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ಗರ್ಭದಲ್ಲಿ ಅಲ್ಪ ಪ್ರಮಾಣದ ಹಿಗ್ಗುವಿಕೆ ಇದ್ದ ಮಕ್ಕಳ ಪೈಕಿ ಜನನದ ನಂತರ ಯಾವುದಾದರೂ ದೋಷ ಕಂಡುಬಂದದ್ದು ಶೇ. 12ರಷ್ಟು ಮಕ್ಕಳಲ್ಲಿ, ಮಧ್ಯಮ ಪ್ರಮಾಣದವರಲ್ಲಿ ಶೇ. 45, ತೀವ್ರ ಪ್ರಮಾಣದವರಲ್ಲಿ ಶೇ. 88. ಅದೇ ವರ್ಷದ ಮತ್ತೊಂದು ವಿಶ್ಲೇಷಣೆಯಲ್ಲಿ, ಬೇರೆ ದೋಷಗಳಿಲ್ಲದೆ ಕೇವಲ ಹಿಗ್ಗುವಿಕೆ ಇದ್ದ ಮಕ್ಕಳನ್ನು ಪರಿಶೀಲಿಸಲಾಗಿದ್ದು, ಕಡಿಮೆ ದರ್ಜೆಯವರಲ್ಲಿ ಶೇ. 98ರಷ್ಟು ಮಕ್ಕಳಲ್ಲಿ ಅದು ಇಳಿದಿತ್ತು ಅಥವಾ ಹೆಚ್ಚದೆ ಸ್ಥಿರವಾಗಿ ಉಳಿದಿತ್ತು. ಹೆಚ್ಚಿನ ದರ್ಜೆಯವರಲ್ಲಿ ಈ ಪ್ರಮಾಣ ಸುಮಾರು ಅರ್ಧದಷ್ಟು ಮಾತ್ರ. ಹೀಗಾಗಿ ವರದಿಯಲ್ಲಿನ ಮಿಲಿಮೀಟರ್ ಸಂಖ್ಯೆಯನ್ನು ಓದದೆ ‘ಊತ ಇದೆಯಂತೆ’ ಎಂಬ ಒಂದೇ ಮಾತಿನಿಂದ ಚಿಂತಿಸುವುದಾಗಲಿ, ‘ಪಕ್ಕದ ಮನೆಯ ಮಗುವಿಗೂ ಇತ್ತು, ಹೋಯಿತು’ ಎಂದು ಸುಮ್ಮನಾಗುವುದಾಗಲಿ ತರವಲ್ಲ.

ಮೂತ್ರಪಿಂಡ ಮತ್ತು ಮೂತ್ರನಾಳ ಸೇರುವಲ್ಲಿ ಅಡಚಣೆ ಇರುವ ಮಕ್ಕಳೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಅನೇಕರನ್ನು ಸ್ಕ್ಯಾನಿಂಗ್ ಮೂಲಕ ಗಮನಿಸುತ್ತಾ ಬರಲಾಗುತ್ತದೆ. ರೀನೋಗ್ರಾಂ ಪರೀಕ್ಷೆಯಲ್ಲಿ ಆ ಮೂತ್ರಪಿಂಡದಿಂದ ಮೂತ್ರ ಸರಿಯಾಗಿ ಇಳಿಯದೆ, ಅದರ ಕಾರ್ಯದ ಪಾಲು ಶೇ. 35-40ಕ್ಕಿಂತ ಕಡಿಮೆ ಇದ್ದಲ್ಲಿ ಅಥವಾ ನಂತರದ ಪರೀಕ್ಷೆಗಳಲ್ಲಿ ಕುಸಿಯುತ್ತಿದ್ದಲ್ಲಿ ಪೈಲೋಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡಲಾಗುತ್ತದೆ. ಇದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಯಶಸ್ವಿಯಾಗುತ್ತದೆ. ಇಲ್ಲಿ ಪೋಷಕರು ತಿಳಿದಿರಬೇಕಾದ ಸಂಗತಿ ಒಂದಿದೆ. ಶಸ್ತ್ರಚಿಕಿತ್ಸೆಯು ಮುಖ್ಯವಾಗಿ ಉಳಿದಿರುವ ಕಾರ್ಯವನ್ನು ಕಾಪಾಡುತ್ತದೆ. ಅದಾಗಲೇ ಕಳೆದುಹೋದುದನ್ನು ಪೂರ್ತಿಯಾಗಿ ಮರಳಿ ತರುವುದಿಲ್ಲ. ಮಗುವಿಗೆ ನೋವಿಲ್ಲ, ಜ್ವರವಿಲ್ಲ, ತೂಕ ಹೆಚ್ಚುತ್ತಿದೆ ಎಂಬ ಕಾರಣಕ್ಕೆ ಎರಡು ವರ್ಷ ತಪಾಸಣೆ ತಪ್ಪಿಸಿದ ಪಕ್ಷದಲ್ಲಿ, ಆ ಅವಧಿಯಲ್ಲಿ ಒಂದು ಮೂತ್ರಪಿಂಡ ಸದ್ದಿಲ್ಲದೆ ದುರ್ಬಲವಾಗಬಹುದು. ಇನ್ನೊಂದು ಮೂತ್ರಪಿಂಡವು ಕೆಲಸವನ್ನು ವಹಿಸಿಕೊಳ್ಳುವುದರಿಂದ ಹೊರಗೆ ಏನೂ ತಿಳಿಯುವುದಿಲ್ಲ.

ಮೂತ್ರವು ಹಿಮ್ಮುಖವಾಗಿ ಹರಿಯುವ ಸಮಸ್ಯೆಯಲ್ಲಿ, ಕಡಿಮೆ ದರ್ಜೆಯದು ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ನಿಂತುಹೋಗುತ್ತದೆ. ಹೆಚ್ಚಿನ ದರ್ಜೆಯದು ಹಾಗಲ್ಲ. ಪದೇ ಪದೇ ಮೂತ್ರದ ಸೋಂಕು ತಗುಲಿ ಮೂತ್ರಪಿಂಡದ ಮೇಲೆ ಕಲೆಗಳು ಉಳಿದಲ್ಲಿ, ಮುಂದೆ ರಕ್ತದೊತ್ತಡ ಹಾಗೂ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಕಾಣಿಸಿಕೊಳ್ಳಬಹುದು. ಸೋಂಕು ತಡೆಯಲು ಪ್ರತಿದಿನ ಅಲ್ಪ ಪ್ರಮಾಣದ ಆಂಟಿಬಯೋಟಿಕ್ ನೀಡುವ ಬಗ್ಗೆ ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರುಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಹೊಸ ಕಲೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಈ ಔಷಧವನ್ನು ಯಾವ ಮಗುವಿಗೆ ಎಷ್ಟು ಕಾಲ ಕೊಡಬೇಕು ಎಂಬುದನ್ನು ತಜ್ಞರೇ ನಿರ್ಧರಿಸತಕ್ಕದ್ದು. ಪೋಷಕರು ತಾವಾಗಿ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಕೂಡದು. ಈ ಸಮಸ್ಯೆ ಒಂದೇ ಕುಟುಂಬದಲ್ಲಿ ಕಂಡುಬರುವುದುಂಟು. ಮಗುವಿನ ಅಣ್ಣ, ಅಕ್ಕ, ತಮ್ಮ, ತಂಗಿಯರಿಗೆ ಕಾರಣ ತಿಳಿಯದ ಜ್ವರ ಬಂದಾಗ ಈ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಗಂಡು ಮಕ್ಕಳ ಮೂತ್ರಮಾರ್ಗದ ಕವಾಟದ ಸಮಸ್ಯೆಯಲ್ಲಿ ದೂರಬೀನಿನಂತಹ ಸಣ್ಣ ಉಪಕರಣದಿಂದ ಕವಾಟವನ್ನು ತೆರವುಗೊಳಿಸಲಾಗುತ್ತದೆ. ಆಪರೇಷನ್ ಆಯಿತು, ಕೆಲಸ ಮುಗಿಯಿತು ಎಂಬ ತಿಳಿವಳಿಕೆ ಇಲ್ಲಿ ಅತ್ಯಂತ ಅಪಾಯಕಾರಿ. ಗರ್ಭದಲ್ಲಿದ್ದಾಗಲೇ ಒತ್ತಡಕ್ಕೆ ಸಿಕ್ಕಿದ್ದ ಮೂತ್ರಪಿಂಡ ಮತ್ತು ಮೂತ್ರಕೋಶಗಳು ಕವಾಟ ಹೋದ ಮೇಲೂ ದುರ್ಬಲವಾಗಿಯೇ ಉಳಿಯಬಹುದು. ಫಿನ್ಲೆಂಡ್ ದೇಶದಲ್ಲಿ ಇಂತಹ 193 ಮಂದಿಯನ್ನು ದಶಕಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಶೇ. 23ರಷ್ಟು ಮಂದಿಗೆ ಮೂತ್ರಪಿಂಡ ವೈಫಲ್ಯವಾಗಿತ್ತು. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದವರಿಗೆ ಅದು 17 ವರ್ಷ ದಾಟಿದ ಮೇಲೆ ಆದದ್ದು. ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೋಗುವ ವಯಸ್ಸಿನಲ್ಲಿ, ಶೈಶವದ ಆಪರೇಷನ್ ಎಲ್ಲರಿಗೂ ಮರೆತಿರುವಾಗ, ಇದು ಸಂಭವಿಸುತ್ತದೆ. ಹತ್ತು ವರ್ಷ ದಾಟಿದ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಮೂತ್ರ ಸೋರುವುದು ಅಥವಾ ಅತಿಯಾಗಿ ನೀರು ಕುಡಿದು ಅತಿಯಾಗಿ ಮೂತ್ರ ವಿಸರ್ಜಿಸುವುದು ಕಂಡುಬಂದಲ್ಲಿ ಅವನನ್ನು ಗದರಿಸದೆ ಹಳೆಯ ದಾಖಲೆಗಳೊಂದಿಗೆ ವೈದ್ಯರಲ್ಲಿಗೆ ಕರೆತರಬೇಕು.

ಬಾಲ್ಯದಲ್ಲಿ ಸಮಸ್ಯೆ ಇದ್ದು ನಂತರ ಎಲ್ಲವೂ ಸರಿಯಾಗಿದೆ ಎಂದು ಕಂಡವರ ಬಗ್ಗೆಯೂ ಮಾಹಿತಿ ಇದೆ. ಇಸ್ರೇಲ್‌ನಲ್ಲಿ ಸೇನಾ ಭರ್ತಿಗೆ ಮುನ್ನ ತಪಾಸಣೆಗೊಳಗಾದ ಸುಮಾರು 15 ಲಕ್ಷ ಹದಿಹರೆಯದವರನ್ನು ಮೂವತ್ತು ವರ್ಷಗಳ ಅವಧಿಯಲ್ಲಿ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಜನ್ಮಜಾತ ಮೂತ್ರಪಿಂಡ ಅಥವಾ ಮೂತ್ರನಾಳದ ದೋಷವಿದ್ದು, ಹದಿಹರೆಯದಲ್ಲಿ ಮೂತ್ರಪಿಂಡಗಳ ಕಾರ್ಯ ಸಹಜವಾಗಿಯೇ ಇದ್ದವರಲ್ಲಿ ಮುಂದೆ ಮೂತ್ರಪಿಂಡ ವೈಫಲ್ಯದ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು ಇತ್ತು. ಇತರರಲ್ಲಿ ಈ ಸಂಭವವೇ ಬಹಳ ಕಡಿಮೆಯಾದ್ದರಿಂದ ಐದು ಪಟ್ಟು ಎಂಬುದೂ ದೊಡ್ಡ ಸಂಖ್ಯೆಯೇನಲ್ಲ. ಅಂತಹವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ವರ್ಷಕ್ಕೊಮ್ಮೆ ರಕ್ತದೊತ್ತಡ ಅಳತೆ ಹಾಗೂ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ ಮಾತ್ರ ಇದು ಸಾಕಷ್ಟು ಕಾರಣವಾಗಿದೆ. ಒಂದೇ ಮೂತ್ರಪಿಂಡ ಕೆಲಸ ಮಾಡುತ್ತಿರುವ ಮಕ್ಕಳಿಗೂ ಇದೇ ಅನ್ವಯಿಸುತ್ತದೆ. ಅಂತಹ ಮಕ್ಕಳನ್ನು ಆಟೋಟಗಳಿಂದ ಪೂರ್ತಿಯಾಗಿ ದೂರವಿಡುವ ಅಗತ್ಯವಿಲ್ಲ. ಯಾವ ಆಟಕ್ಕೆ ಎಚ್ಚರ ಬೇಕು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಬಹುದು. ಹೆಣ್ಣು ಮಕ್ಕಳು ಮುಂದೆ ಗರ್ಭಿಣಿಯಾದಾಗ ತಮ್ಮ ಬಾಲ್ಯದ ಈ ಸಮಸ್ಯೆಯನ್ನು ಮೊದಲ ತಪಾಸಣೆಯಲ್ಲೇ ತಿಳಿಸಬೇಕು. ಮೂತ್ರಪಿಂಡದಲ್ಲಿ ಕಲೆಗಳಿದ್ದವರಿಗೆ ಗರ್ಭಾವಸ್ಥೆಯಲ್ಲಿ ಸೋಂಕು ಮತ್ತು ರಕ್ತದೊತ್ತಡದ ಸಂಭವ ಹೆಚ್ಚು.

ಗರ್ಭಾವಸ್ಥೆಯಲ್ಲಿ ಮತ್ತು ಮೊದಲ ವರ್ಷದಲ್ಲಿ

ಸ್ಕ್ಯಾನಿಂಗ್‌ನಲ್ಲಿ ಹಿಗ್ಗುವಿಕೆ ಕಂಡುಬಂದ ವಿಷಯವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳತಕ್ಕದ್ದು. ಪ್ರತಿ ತಿಂಗಳ 9ನೇ ತಾರೀಖಿನಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯಲ್ಲಿ ವರದಿಯನ್ನು ತೋರಿಸಬಹುದು. ಎರಡೂ ಮೂತ್ರಪಿಂಡಗಳು ಹಿಗ್ಗಿದ್ದರೆ, ಗರ್ಭಜಲ ಕಡಿಮೆ ಇದ್ದರೆ ಅಥವಾ ಶಿಶುವಿಗೆ ಒಂದೇ ಮೂತ್ರಪಿಂಡವಿದ್ದರೆ ಹೆರಿಗೆಯನ್ನು ನವಜಾತ ಶಿಶು ಘಟಕ ಇರುವ ಆಸ್ಪತ್ರೆಯಲ್ಲಿ ಮೊದಲೇ ನಿಗದಿಪಡಿಸುವುದು ಸೂಕ್ತ.

ಕವಾಟದ ಸಮಸ್ಯೆ ಗಂಡು ಮಕ್ಕಳಿಗೆ ಮಾತ್ರ ಇರುವುದರಿಂದ ‘ಮಗು ಯಾವುದೆಂದು ಹೇಳಿದರೆ ಅನುಕೂಲ’ ಎಂದು ಕೆಲವರು ಸ್ಕ್ಯಾನಿಂಗ್ ಕೇಂದ್ರದಲ್ಲಿ ವಿನಂತಿಸುವುದುಂಟು. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಲಿಂಗವನ್ನು ಕೇಳುವುದೂ ಹೇಳುವುದೂ ಅಪರಾಧವಾಗಿರುತ್ತದೆ. ಎರಡೂ ಬದಿಯ ಹಿಗ್ಗುವಿಕೆ ಇದ್ದಲ್ಲಿ ಮಗು ಯಾವುದೇ ಆದರೂ ಹೆರಿಗೆಯ ಸಿದ್ಧತೆ ಒಂದೇ ಆದ್ದರಿಂದ ಪೋಷಕರು ಅದನ್ನು ತಿಳಿಯುವ ಅಗತ್ಯವೂ ಇಲ್ಲ.

ಜನನದ ಮೊದಲ ಎರಡು ದಿನ ಮಗುವಿನಲ್ಲಿ ಮೂತ್ರ ಕಡಿಮೆ ಉತ್ಪತ್ತಿಯಾಗುವುದರಿಂದ ಆಗ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಹಿಗ್ಗುವಿಕೆ ಕಾಣದೇ ಹೋಗಬಹುದು. ಆದ್ದರಿಂದ ಸಾಮಾನ್ಯವಾಗಿ 48 ಗಂಟೆಗಳ ನಂತರ, ಮೊದಲ ವಾರದೊಳಗೆ ಒಂದು ಸ್ಕ್ಯಾನಿಂಗ್ ಹಾಗೂ 4ರಿಂದ 6 ವಾರಗಳಾದಾಗ ಮತ್ತೊಂದು ಸ್ಕ್ಯಾನಿಂಗ್ ಮಾಡಲಾಗುತ್ತದೆ. ಮೊದಲನೆಯದು ಸಹಜವಾಗಿದೆ ಎಂದು ಎರಡನೆಯದನ್ನು ಕೈಬಿಡಬಾರದು. ಬಾಣಂತಿಯು ತವರಿನಲ್ಲಿ ಇರುವ ಕಾಲ ಇದೇ ಆದ್ದರಿಂದ ಈ ಎರಡನೇ ಸ್ಕ್ಯಾನಿಂಗ್ ತಪ್ಪಿಹೋಗುವ ಸಂಭವ ಹೆಚ್ಚು. ಹೆರಿಗೆಯಾದ ಆಸ್ಪತ್ರೆಗೇ ಬರಬೇಕೆಂಬ ನಿಯಮವಿಲ್ಲ. ತವರಿನ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ತೋರಿಸಿ ಮಾಡಿಸಬಹುದು. ಗಂಡು ಮಗುವಿನ ಮೂತ್ರ ಧಾರೆಯಾಗಿ ಬಾರದೆ ತೊಟ್ಟಿಕ್ಕುತ್ತಿದ್ದರೆ ಅಥವಾ ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ ಕಾಯದೆ ಅಂದೇ ತೋರಿಸತಕ್ಕದ್ದು.

ಹಿಗ್ಗುವಿಕೆ ಹೆಚ್ಚಿದ್ದಲ್ಲಿ ಎಂಸಿಯು ಎಂಬ ಎಕ್ಸ್-ರೇ ಪರೀಕ್ಷೆ ಹಾಗೂ 6ರಿಂದ 8 ವಾರಗಳ ನಂತರ ರೀನೋಗ್ರಾಂ ಪರೀಕ್ಷೆ ಬೇಕಾಗಬಹುದು. ರೀನೋಗ್ರಾಂ ಸೌಲಭ್ಯವು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುತ್ತದೆ.

ಈ ಮಕ್ಕಳಲ್ಲಿ ನೆಗಡಿ ಕೆಮ್ಮಿಲ್ಲದೆ ಬರುವ ಜ್ವರವನ್ನು ಮೂತ್ರದ ಸೋಂಕು ಎಂದೇ ಮೊದಲು ಶಂಕಿಸಬೇಕು. ಆಂಟಿಬಯೋಟಿಕ್ ಕೊಡುವ ಮುನ್ನ ಮೂತ್ರದ ಮಾದರಿ ತೆಗೆಸುವುದು ಅವಶ್ಯ. ಔಷಧಿ ಅಂಗಡಿಯಿಂದ ಜ್ವರದ ಸಿರಪ್ ಜೊತೆಗೆ ಉಳಿದಿದ್ದ ಆಂಟಿಬಯೋಟಿಕ್ ಎರಡು ದಿನ ಕುಡಿಸಿ ನಂತರ ಆಸ್ಪತ್ರೆಗೆ ಬಂದಲ್ಲಿ ಸೋಂಕು ಇತ್ತೇ ಇಲ್ಲವೇ ಎಂಬುದು ಪರೀಕ್ಷೆಯಿಂದ ತಿಳಿಯದಂತಾಗುತ್ತದೆ. ಮಲಬದ್ಧತೆ ಇರುವ ಮಕ್ಕಳಲ್ಲಿ ಮೂತ್ರದ ಸೋಂಕು ಹೆಚ್ಚು. ಅದಕ್ಕೂ ಚಿಕಿತ್ಸೆ ಕೊಡಿಸಬೇಕು.

ಎಲ್ಲಿ ಸಂಪರ್ಕಿಸಬೇಕು

ಮೊದಲ ಹಂತದಲ್ಲಿ ಕೊಣನೂರಿನ ಸರ್ಕಾರಿ ಆಸ್ಪತ್ರೆ, ನಂತರ ಅರಕಲಗೂಡು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ — ಇದು ಸಾಮಾನ್ಯ ಕ್ರಮ. ಹೆಚ್ಚಿನ ತಜ್ಞ ಚಿಕಿತ್ಸೆ ಅಗತ್ಯವಿದ್ದಲ್ಲಿ ಮೈಸೂರಿನ ಚೆಲುವಾಂಬ ಹಾಗೂ ಕೆ.ಆರ್. ಆಸ್ಪತ್ರೆಗಳು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೋ-ಯೂರಾಲಜಿ ಸಂಸ್ಥೆಗಳಿಗೆ ಕಳುಹಿಸಿಕೊಡಬಹುದು. ರಾಮನಾಥಪುರದ ಮಾರ್ಗವಾಗಿ ಮೈಸೂರಿಗೆ ಹೋಗಿಬರುವುದು ಹೋಬಳಿಯ ಹಲವು ಗ್ರಾಮಗಳವರಿಗೆ ಅನುಕೂಲ. ಅಂತಹವರು ಶಿಫಾರಸು ಪತ್ರ ಬರೆಸುವಾಗಲೇ ಅದನ್ನು ವೈದ್ಯರಿಗೆ ತಿಳಿಸಿದರೆ ಒಳಿತು. ತುರ್ತು ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಹಾಗೂ ಮಾಹಿತಿಗಾಗಿ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಹಾಗೂ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಸೀಳುತುಟಿ, ಕಾಲಿನ ವಕ್ರತೆ ಮುಂತಾದವು ಕಣ್ಣಿಗೆ ಕಾಣುತ್ತವೆ. ಮೂತ್ರಪಿಂಡದ ಹಿಗ್ಗುವಿಕೆ ಕಾಣುವುದಿಲ್ಲ. ಆದಕಾರಣ ತಂಡದವರು ಬಂದ ದಿನ ಪೋಷಕರು ಹಾಜರಿದ್ದು ಹಳೆಯ ವರದಿಯನ್ನು ತೋರಿಸಬೇಕು, ಇಲ್ಲವೇ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿರಬೇಕು. ಇಲ್ಲದಿದ್ದಲ್ಲಿ ಮಗು ‘ಸಹಜ’ ಎಂದು ದಾಖಲಾಗುವ ಸಾಧ್ಯತೆ ಇದೆ.

ವೆಚ್ಚ ಮತ್ತು ದಾಖಲೆಗಳು

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಮತ್ತು ಚಿಕಿತ್ಸೆ ಉಚಿತ. ನಂತರದ ಶಸ್ತ್ರಚಿಕಿತ್ಸೆಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಹಾಗೂ ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಪತ್ರ ಬೇಕಾಗಿಲ್ಲ. ಯೋಜನೆಯು ಮುಖ್ಯವಾಗಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಆರು ತಿಂಗಳಿಗೊಮ್ಮೆ ಮಾಡಿಸುವ ಸ್ಕ್ಯಾನಿಂಗ್‌ನ ವೆಚ್ಚವೂ ಇದರಲ್ಲಿ ಸಿಗುತ್ತದೆಂದು ಭಾವಿಸಿ ಖಾಸಗಿ ಕೇಂದ್ರಗಳಿಗೆ ಹೋಗಿ ನಿರಾಶರಾಗುವುದಕ್ಕಿಂತ, ಸದರಿ ಸ್ಕ್ಯಾನಿಂಗ್‌ಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸುವುದು ಮೇಲು.

ಪಡಿತರ ಚೀಟಿ ಮತ್ತು ಆಧಾರ್ ಅಗತ್ಯ ದಾಖಲೆಗಳು. ಮಗುವಿನ ಹೆಸರು ಪಡಿತರ ಚೀಟಿಗೆ ಸೇರಬೇಕಾದರೆ ಜನನ ಪ್ರಮಾಣ ಪತ್ರ ಬೇಕು. 21 ದಿನಗಳೊಳಗೆ ನೋಂದಾಯಿಸಿದಲ್ಲಿ ಇದಕ್ಕೆ ಶುಲ್ಕವಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲದೆಯೇ ಆಧಾರ್ ನೀಡಲಾಗುತ್ತದೆ. ಆಪರೇಷನ್ ದಿನ ನಿಗದಿಯಾದ ಮೇಲೆ ಈ ಕಾಗದಗಳಿಗಾಗಿ ಅಲೆಯುವುದನ್ನು ತಪ್ಪಿಸಲು ಮೊದಲ ತಿಂಗಳಲ್ಲೇ ಅರ್ಜಿ ಸಲ್ಲಿಸಬೇಕು.

ವೈದ್ಯಕೀಯ ಕಾಗದಗಳ ವಿಷಯದಲ್ಲಿ ಒಂದು ವಿಶೇಷ ಸೂಚನೆ ಇದೆ. ಸ್ಕ್ಯಾನಿಂಗ್ ಯಂತ್ರದಿಂದ ಬರುವ ನುಣುಪಾದ ಚಿತ್ರದ ಕಾಗದವು ಬಿಸಿಲು ಮತ್ತು ಶಾಖಕ್ಕೆ ಕೆಲವೇ ವರ್ಷಗಳಲ್ಲಿ ಮಾಸಿ ಖಾಲಿಯಾಗುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಬೀರುವಿನಲ್ಲಿ ಜೋಪಾನ ಮಾಡಿದರೂ ಇದು ತಪ್ಪುವುದಿಲ್ಲ. ಆದ್ದರಿಂದ ವರದಿ ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಇಡಬೇಕು. ಗರ್ಭಾವಸ್ಥೆಯ ವರದಿ, ಜನನಾನಂತರದ ಮೊದಲೆರಡು ಸ್ಕ್ಯಾನಿಂಗ್, ರೀನೋಗ್ರಾಂನ ಶೇಕಡಾವಾರು ಅಂಕಿಗಳು, ಆಪರೇಷನ್ ಆಗಿದ್ದಲ್ಲಿ ಬಿಡುಗಡೆ ಪತ್ರ, ಹಾಗೂ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡದ ಅಳತೆಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿ ಇಡುವುದು ಉತ್ತಮ. ಮೂತ್ರಪಿಂಡದ ಪರಿಸ್ಥಿತಿಯನ್ನು ವೈದ್ಯರು ಒಂದು ವರದಿಯಿಂದಲ್ಲ, ಹಿಂದಿನ ವರದಿಯೊಂದಿಗೆ ಹೋಲಿಸಿ ನಿರ್ಣಯಿಸುತ್ತಾರೆ. ಹಿಂದಿನದು ಇಲ್ಲದಿದ್ದಲ್ಲಿ ಕಾರ್ಯ ಕುಸಿದಿದೆಯೇ, ಮೊದಲಿನಿಂದಲೂ ಹೀಗೆಯೇ ಇತ್ತೇ ಎಂಬುದನ್ನು ಹೇಳಲಾಗುವುದಿಲ್ಲ. ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ತಂಬಾಕು ಕಟಾವು ಮತ್ತು ಹದ ಮಾಡುವ ತಿಂಗಳುಗಳಲ್ಲಿ ಈ ಭಾಗದ ಕುಟುಂಬಗಳಿಗೆ ಒಂದು ದಿನದ ಬಿಡುವೂ ಕಷ್ಟ. ಮುಂದಿನ ತಪಾಸಣೆಯ ದಿನಾಂಕ ಆ ಅವಧಿಗೆ ಬಂದಲ್ಲಿ ಗೈರುಹಾಜರಾಗುವ ಬದಲು ದಿನಾಂಕವನ್ನು ಕೆಲವು ವಾರ ಮೊದಲೇ ಬದಲಿಸಿಕೊಡುವಂತೆ ಹೊರರೋಗಿ ವಿಭಾಗದಲ್ಲಿ ಕೋರಬಹುದು. ಆದರೆ ಮೊದಲ ವರ್ಷದ ತಪಾಸಣೆಗಳು ಹಾಗೂ ಜ್ವರದ ಸಂದರ್ಭಗಳಿಗೆ ಇದು ಅನ್ವಯಿಸುವುದಿಲ್ಲ.

18 ವರ್ಷ ತುಂಬಿದ ನಂತರ

ಮಕ್ಕಳ ವಿಭಾಗದ ತಪಾಸಣೆ ಈ ವಯಸ್ಸಿನ ಸುಮಾರಿಗೆ ಮುಗಿಯುತ್ತದೆ. ಹಿಗ್ಗುವಿಕೆ ಪೂರ್ತಿ ಇಳಿದು, ಮೂತ್ರಪಿಂಡಗಳೆರಡೂ ಸಹಜವೆಂದು ವೈದ್ಯರು ಲಿಖಿತವಾಗಿ ತಪಾಸಣೆಯಿಂದ ಬಿಡುಗಡೆ ಮಾಡಿದ ಮಕ್ಕಳಿಗೆ ಮುಂದೆ ವಿಶೇಷ ಕ್ರಮ ಬೇಕಾಗಿಲ್ಲ. ಆಪರೇಷನ್ ಆದವರು, ಕಲೆಗಳಿರುವವರು, ಒಂದೇ ಮೂತ್ರಪಿಂಡದವರು ಹಾಗೂ ಕವಾಟದ ಸಮಸ್ಯೆ ಇದ್ದವರು ವಯಸ್ಕರ ಮೂತ್ರಪಿಂಡ ತಜ್ಞರಿಗೆ ವರ್ಗಾವಣೆ ಪತ್ರ ಪಡೆದುಕೊಳ್ಳಬೇಕು. ಆವರೆಗೆ ಅಪ್ಪ ಅಮ್ಮ ಕಾಯ್ದಿಟ್ಟ ಕಡತವನ್ನು ಮಗ ಅಥವಾ ಮಗಳ ಕೈಗೇ ಕೊಟ್ಟು, ಅದರಲ್ಲಿ ಏನಿದೆ ಎಂಬುದನ್ನು ತಿಳಿಸಿಕೊಡಬೇಕು. ಮೈಕೈ ನೋವಿಗೆ ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ಹಾಗೂ ಒಳಗೆ ಏನಿದೆ ಎಂದು ತಿಳಿಯದ ಔಷಧಗಳನ್ನು ಇವರು ಸೇವಿಸಬಾರದು. ಉದ್ಯೋಗಕ್ಕಾಗಿ ಬೆಂಗಳೂರು ಮುಂತಾದ ಕಡೆ ನೆಲೆಸುವವರು ಸದರಿ ಪತ್ರದೊಂದಿಗೆ ಅಲ್ಲಿನ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಷಿಕ ತಪಾಸಣೆಯನ್ನು ಮುಂದುವರಿಸಬಹುದಾಗಿದೆ.